ಯಾರ ಕೈಹೊಲಿಗೆ

ನೆಟ್ಟಗಿದ್ದ ಹೊಲಿಗೆಯನ್ನು ಅಮ್ಮ ಬಿಚ್ಚತೊಡಗಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬೀದಿಯ ಅರ್ಧ ಜನರ ಅಳತೆಯನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡ ದರ್ಜಿ ನನ್ನಮ್ಮ. ಅಂಥವಳು ಒಂದು ಶರ್ಟು ಹಿಡಿದು, "ಹೊಲಿಗೆ ಹಾವಿನ ಹಾಗೆ ಹೋಗಿದೆ ನೋಡೇ" ಎಂದು ಬಿಚ್ಚಿದಳು, ಮತ್ತೆ ಹೊಲಿದಳು. ಅವಳ ಕಣ್ಣಿಗೆ ನೆಟ್ಟಗಾದದ್ದು ಉಳಿದವರಿಗೆಲ್ಲ ಸೊಟ್ಟಗಿತ್ತು. ಗಿರಾಕಿ ಶರ್ಟು ವಾಪಸು ತಂದಾಗ, ಕನ್ನಡಕ ಬದಲಾಯಿಸಿಕೋ ಎಂದು ಅವನಿಗೇ ಗದರಿದಳು.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಚೌಕುಳಿ ಗೆರೆಗಳ ಹಾಳೆ ಹಿಡಿದು ನಡುವಿನ ಚುಕ್ಕೆ ನೋಡಲು ಹೇಳಿದರು. ಎಡಗಣ್ಣಿಗೆ ಚುಕ್ಕೆಯೇ ಇರಲಿಲ್ಲ. ಬಲಗಣ್ಣಿಗೆ ಗೆರೆಗಳೆಲ್ಲ ಡೊಂಕು.

"ಕಣ್ಣಿನೊಳಗೆ ಪರದೆ ಇರುತ್ತಲ್ಲ, ಅದರ ನಡುಭಾಗ ವಯಸ್ಸಾದ ಹಾಗೆ ಸವೆದಿದೆ ಅಮ್ಮಾ. ಬಲಗಣ್ಣಲ್ಲಿ ರಕ್ತನಾಳ ಬೇರೆ ಸೋರ್ತಿದೆ. ಮರಗಟ್ಟೋ ಹನಿ ಹಾಕಿ ಕಣ್ಣಿಗೇ ಇಂಜೆಕ್ಷನ್ ಕೊಡ್ತೀವಿ. ಆಗಾಗ ಬರ್ತಾ ಇರಬೇಕು. ಹೋಗಿದ್ದು ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ, ಇರೋದನ್ನ ಉಳಿಸ್ಕೋಬಹುದು. ತಡ ಮಾಡಬೇಡಿ."

ಅಮ್ಮ ಹೂಂಗುಟ್ಟಿದಳು. ಆದರೆ ಹೋಗುವ ದಿನ ಚಪ್ಪಲಿ ಮೆಟ್ಟಲೇ ಇಲ್ಲ.

"ಜೀವಮಾನವೆಲ್ಲ ಸೂಜಿ ಹಿಡಿದೋಳು, ಒಂದು ಸೂಜಿಗೆ ಹೆದರ್ತೀಯಾ?" ಎಂದು ರೇಗಿಸಿದೆ. ಅವಳು ನಗಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಪಕ್ಕದ ಖಾಲಿ ಜಾಗವನ್ನು ನೋಡುತ್ತ ದನಿ ತಗ್ಗಿಸಿದಳು.

"ಚಿನ್ನಿ ಬಂದಿದಾಳೆ ಕಣೇ."

ಚಿನ್ನಿ ನನ್ನ ಅಕ್ಕ. ನಾನು ಹುಟ್ಟುವ ಮುಂಚೆಯೇ, ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗುವಾಗಿದ್ದಾಗ ಜ್ವರ ಬಂದು ತೀರಿಕೊಂಡವಳು. ಮನೆಯಲ್ಲಿ ಅವಳದೊಂದು ಫೋಟೊ ಕೂಡ ಇಲ್ಲ.

"ನಿನ್ನ ಮುಖ ನೋಡಿದ್ರೆ ನಡುವೆ ಬೂದಿ ಮೆತ್ತಿದ ಹಾಗಿರುತ್ತೆ. ಅವಳು ಮಾತ್ರ ಸ್ಪಷ್ಟ. ರೆಪ್ಪೆ ಕೂದಲೂ ಕಾಣುತ್ತೆ. ಮಾತಾಡಲ್ಲ, ಸುಮ್ನೆ ನಿಂತಿರ್ತಾಳೆ. ಈ ಮಸುಕಿನೊಳಗೇ ಬರೋದು ಅವಳು. ಮಸುಕು ಹೋದ್ರೆ ಮಗು ಎಲ್ಲಿ ನಿಲ್ಲಬೇಕು ಹೇಳು?"

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಹುಚ್ಚೂ ಅಲ್ಲ, ದೆವ್ವವೂ ಅಲ್ಲ," ಎಂದರು. "ಕಣ್ಣು ಕಳಿಸದೇ ಇದ್ದದ್ದನ್ನ ಮೆದುಳು ತಾನೇ ಚಿತ್ರ ಮಾಡಿ ತುಂಬಿಸುತ್ತೆ. ಕೆಲವರಿಗೆ ಹೀಗಾಗುತ್ತೆ. ಇಂಜೆಕ್ಷನ್ ಕೊಟ್ರೆ ಆ ಮಗು ಹೋಗಬಹುದು, ಹೋಗದೇನೂ ಇರಬಹುದು. ಆದ್ರೆ ಇನ್ನೂ ತಡ ಮಾಡಿದ್ರೆ ಬಲಗಣ್ಣೂ ಎಡಗಣ್ಣಿನ ದಾರಿ ಹಿಡಿಯುತ್ತೆ."

ಅಷ್ಟನ್ನೂ ಅಮ್ಮನಿಗೆ ಒಪ್ಪಿಸಿದೆ. "ಡಾಕ್ಟರಮ್ಮ ಚಿನ್ನೀನ ನೋಡಿದಾರಾ?" ಎಂದಳು.

ಅಮ್ಮ ಮೆಷಿನ್ನಿನ ಎದುರು ಇನ್ನೊಂದು ಸ್ಟೂಲು ಹಾಕತೊಡಗಿದಳು. ನಾನೂ ಆ ಸ್ಟೂಲನ್ನು ಬಳಸಿಕೊಂಡು ನಡೆಯತೊಡಗಿದೆ, ಎಲ್ಲಿ ಅಕ್ಕನಿಗೆ ತಾಗಿಬಿಡುತ್ತೇನೋ ಎಂದು. ಖಾಲಿ ಸ್ಟೂಲಿಗೆ ಬೆನ್ನು ಹಾಕಿ ಕೂರಲು ಹಾಡಹಗಲಲ್ಲೂ ಧೈರ್ಯವಿರಲಿಲ್ಲ. ಹೆದರಿಕೆಯ ಜೊತೆಗೆ ಹೊಟ್ಟೆಕಿಚ್ಚೂ ಇತ್ತು, ಮುಚ್ಚಿಡುವುದೇಕೆ. ಬಡಿಸಿ, ಕೈಹಿಡಿದು ನಡೆಸುವ ನನಗೆ ಮುಖವಿಲ್ಲ. ಎಂದೋ ಸತ್ತವಳಿಗೆ ರೆಪ್ಪೆಯ ಕೂದಲೂ ಉಂಟು.

ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿಬಿಟ್ಟೆ. "ಏನು ಹಾಕ್ಕೊಂಡಿದಾಳೆ ಅವಳು?"

ಅಮ್ಮನ ಮುಖ ಅರಳಿತು. "ಫ್ರಾಕು. ತಿಳಿನೀಲಿ. ಪಫ್ ತೋಳು. ಸೊಂಟದ ನೆರಿಗೆ ಎಷ್ಟು ಚೆನ್ನಾಗಿ ಕೂತಿದೆ ಅಂತೀಯ! ದುಂಡು ಕಾಲರು, ಅದರ ಅಂಚಿಗೆ..." ಮುಂದಕ್ಕೆ ಬಾಗಿದಳು. ಬಟ್ಟೆಯ ತುದಿ ಸವರುವವಳಂತೆ ಅವಳ ಬೆರಳುಗಳು ಗಾಳಿಯಲ್ಲಿ ಆಡಿದವು.

"ಅಂಚಿಗೆ ಲೇಸು," ಎಂದಳು. ಬೆರಳು ನಿಂತವು.

ಮಕ್ಕಳ ಕುತ್ತಿಗೆಗೆ ಲೇಸು ಚುಚ್ಚುತ್ತದೆ ಎನ್ನುವುದು ಅಮ್ಮನ ಹಟ. ಗಿರಾಕಿಗಳು ಎಷ್ಟೇ ಗೋಗರೆದರೂ ಹಾಕುವುದಿಲ್ಲ. ಲೇಸಿಗಾಗಿ ನಾನು ಚಿಕ್ಕಂದಿನಲ್ಲಿ ನೆಲದ ಮೇಲೆ ಹೊರಳಾಡಿ ಅತ್ತಾಗಲೂ, "ಚಿನ್ನೀಗೂ ಹಾಕಿಲ್ಲ, ನಿಂಗೂ ಇಲ್ಲ" ಎಂದಿದ್ದಳು. ಇನ್ನು ಬೇರೆಯವರು ಹೊಲಿದ ಬಟ್ಟೆಯಂತೂ ಚಿನ್ನಿಯ ಮೈಮೇಲೆ ಒಂದು ದಿನವೂ ಬಿದ್ದದ್ದಿಲ್ಲ.

ಅಮ್ಮನ ಮುಖ ನೋಡಲಾಗಲಿಲ್ಲ. ಆ ಕ್ಷಣ ನನಗೆ ಅವಳಿಗೆ ಕಾಣುವ ಮಗು ಚಿನ್ನಿಯೇ ಆಗಿರಲಿ ಅನ್ನಿಸಿತು. "ಯಾವತ್ತೋ ಒಂದ್ಸಲ ಹಾಕಿದ್ದಿರಬಹುದಮ್ಮಾ, ನಿಂಗೆ ಮರೆತಿರುತ್ತೆ," ಎಂದೆ.

"ನನ್ನ ಕೈಹೊಲಿಗೆ ನಂಗೆ ಮರೆಯುತ್ತೇನೇ?"

ಗಾಳಿಯಲ್ಲಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಅತ್ತವಳು ನಾನು. ಕೊನೆಗೆ, "ಆಸ್ಪತ್ರೆಗೆ ಫೋನ್ ಮಾಡು," ಎಂದಳು.

ಇಂಜೆಕ್ಷನ್ ಆಯಿತು. "ಇರುವೆ ಕಚ್ಚಿದಷ್ಟೂ ಇಲ್ಲ. ನೀನೇ ಊರೆಲ್ಲ ಸಾರಿದ್ದು, ಬಾಯಿಬಡುಕಿ," ಎಂದು ನನ್ನನ್ನೇ ಬೈದಳು. ಮುಂದಿನ ಸಲ ಡಾಕ್ಟರಮ್ಮ ಓರೆಯಾಗಿ ನೋಡುವುದನ್ನು ಕಲಿಸಿದರು. ಮುಖ ಕಾಣಬೇಕಾದರೆ ಮುಖವನ್ನೇ ದಿಟ್ಟಿಸಬಾರದು, ಕಿವಿಯ ಪಕ್ಕಕ್ಕೆ ನೋಡಬೇಕು. ನಡು ಮಸುಕಾದರೂ ಅಂಚು ಚೆನ್ನಾಗಿದೆಯಂತೆ. ಮನೆಗೆ ಬಂದು ಅಮ್ಮ ನನ್ನ ಕಿವಿಯಾಚೆ ಕಣ್ಣಿಟ್ಟು ಕತ್ತು ಅತ್ತಿತ್ತ ಹೊರಳಿಸಿದಳು. ತಟ್ಟನೆ ನಿಂತಳು.

"ಅಯ್ಯೋ, ನಿಂಗೂ ಕೂದಲು ನೆರೆತಿದೆಯಲ್ಲೇ!"

ಅಮ್ಮ ಕಣ್ಣು ತೆಗೆಯಲಿಲ್ಲ, ಅಲ್ಲೇ ನೋಡುತ್ತಿದ್ದಳು.

"ಇನ್ನೂ ಬರ್ತಾಳಾ ಅವಳು?" ಎಂದೆ.

"ನಿನ್ನ ಹಿಂದೇನೇ ನಿಂತಿದೆ." ಅಮ್ಮ ಮೆಲ್ಲಗೆ ಹೇಳಿದಳು. "ಯಾರ ಮಗುವೋ ಏನೋ. ಪಾಪ, ಅದರ ಅಮ್ಮ ಎಲ್ಲೆಲ್ಲಿ ಹುಡುಕ್ತಿದಾಳೋ."