ತಿರುಗಿ ಬಡಿಯದ ಕೈ

ಕನ್ಯಾನದ ತುಕ್ರಪ್ಪ ಮೂವತ್ತು ವರ್ಷ ಗುಡ್ಡದ ಹೊಟ್ಟೆಯಲ್ಲಿ ಸುರಂಗ ಕೊರೆದು ಊರಿಗೆ ನೀರು ತಂದವನು. ಅಂಥವನಿಗೆ ಈಗ ಬಚ್ಚಲಿನ ಬಾಗಿಲು ಹಾಕಿಕೊಳ್ಳಲೂ ಭಯ.

ಹೋದ ವರ್ಷ ಸುರಂಗ ಕುಸಿದಾಗ ಮಗ ಧನರಾಜ್ ಮಣ್ಣಿನ ಆಚೆ ಸಿಕ್ಕಿಬಿದ್ದ, ತುಕ್ರಪ್ಪ ಈಚೆ. ಸುರಂಗದವರಲ್ಲಿ ಒಂದು ಕ್ರಮ: ಒಬ್ಬ ಪಿಕಾಸಿಯಿಂದ ಬಡಿದರೆ ಇನ್ನೊಬ್ಬ ತಿರುಗಿ ಬಡಿಯಬೇಕು. ನಾನಿದ್ದೇನೆ ಎಂದು ಅದರ ಅರ್ಥ. ಮಗ ಬಡಿದ, ಅಪ್ಪ ತಿರುಗಿ ಬಡಿದ. ಮೇಲಿಂದ ಮಣ್ಣು ಉದುರಿತು. ಇನ್ನಷ್ಟು ಕುಸಿದೀತೆಂದು ತುಕ್ರಪ್ಪ ಕೈ ತಡೆದ. ಆಚೆಯ ಬಡಿತ ಬಹಳ ಹೊತ್ತು ಕೇಳುತ್ತಲೇ ಇತ್ತು. ಆಮೇಲೆ ನಿಂತಿತು.

ಈ ಮಾತನ್ನು ಅವನು ಹೆಂಡತಿ ಸೇಸಮ್ಮನಿಗೂ ಹೇಳಿರಲಿಲ್ಲ.

"ಭಯ ಬಂದಾಗ ಮೆದುಳಿನ ಒಂದು ಕಡೆಗೆ ರಕ್ತ ನುಗ್ಗುತ್ತದೆ, ಭಯ ತಡೆಯುವ ಕಡೆಗೆ ಕಡಿಮೆ ಹೋಗುತ್ತದೆ," ಎಂದರು ಮಂಗಳೂರಿನ ಡಾಕ್ಟರು. "ಸುರಂಗ ಕುಸಿದಾಗ ನಿಮ್ಮ ತಲೆಗೆ ಪೆಟ್ಟೂ ಬಿದ್ದಿದೆ. ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆದು ನೋಡುವ. ಮದ್ದು ಕೊಡಲಿಕ್ಕೆ ದಾರಿಯಾಗುತ್ತದೆ."

ಆದರೆ ಆ ಯಂತ್ರವೂ ಒಂದು ಸುರಂಗವೇ! ಒಳಗೆ ಟಕ್ ಟಕ್ ಎಂದೊಡನೆ ತುಕ್ರಪ್ಪನ ಮುಷ್ಟಿ ತಾನಾಗಿ ಗೋಡೆ ಬಡಿಯಿತು. ಚಿತ್ರ ಕೆಟ್ಟಿತು.

"ಅಜ್ಜ, ಇನ್ನೊಂದು ಸಲ. ಕೈ ಅಲ್ಲಾಡಿಸಬೇಡಿ ಆಯ್ತಾ?" ಎಂದಳು ಯಂತ್ರ ನಡೆಸುವ ಶಿಫಾನಾ.

ಯಂತ್ರದ ಹತ್ತಿರ ಲೋಹ ಕೂಡದೆಂದು ಸೇಸಮ್ಮ ಬಳೆ, ಕರಿಮಣಿ ತೆಗೆದಿಟ್ಟು ಒಳಗೆ ಬಂದು ಅವನ ಪಾದ ಹಿಡಿದಳು. "ನಾನಿಲ್ಲೇ ಇದ್ದೇನಲ್ಲ ಮಾರಾಯ್ರೆ. ಗುಡ್ಡ ಕೊರೆದವರಿಗೆ ಈ ಡಬ್ಬದ ಹೆದರಿಕೆಯಾ?"

ಯಂತ್ರದ ಬಡಿತ ಶುರುವಾಯಿತು. ತುಕ್ರಪ್ಪ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದ. ಮಂಜುನಾಥಾ, ಮಂಜುನಾಥಾ. ಬಾಯಲ್ಲಿ ಮಣ್ಣಿನ ರುಚಿ. ಆಚೆಯಿಂದ ಮಗ ಬಡಿಯುತ್ತಲೇ ಇದ್ದ. ಅಪ್ಪನ ಕೈ ಏಳಲಿಲ್ಲ. ಕೊನೆಗೆ, ಅಂದಿನಂತೆಯೇ, ಥಟ್ಟನೆ ಎಲ್ಲ ನಿಂತಿತು.

"ಚಿತ್ರ ಸರಿ ಬಂತು ಅಜ್ಜ," ಎಂದಿತು ಸ್ಪೀಕರಿನಲ್ಲಿ ಶಿಫಾನಾಳ ದನಿ. "ಇನ್ನು ಅಲ್ಲಾಡಬಹುದು."

ತುಕ್ರಪ್ಪ ಅಲ್ಲಾಡಲಿಲ್ಲ. "ಸೇಸು, ಅವತ್ತೂ ನಾನು ಹೀಗೇ ಸುಮ್ಮನಿದ್ದೆ. ಅವನು ಬಡೀತಾ ಇದ್ದ. ನಾನು ತಿರುಗಿ ಬಡೀಲಿಲ್ಲ."

ಪಾದದ ಮೇಲಿನ ಕೈ ಸಡಿಲವಾಯಿತು, ಬಿಟ್ಟೇ ಹೋಯಿತು. ಮಣ್ಣಿನಡಿಯಲ್ಲಿ ಕಂಡದ್ದಕ್ಕಿಂತ ದೊಡ್ಡ ಭಯ ಅವನ ಎದೆಯ ಮೇಲೆ ಕೂತಿತು. ಅವಳು ಹೊರಟುಹೋದಳೇ? ಕತ್ತೆತ್ತಿ ನೋಡಲು ಧೈರ್ಯವಾಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅಂಗಾಲಿಗೆ ಬೆರಳಿನ ಗೆಣ್ಣು ಬಡಿಯಿತು. ಒಂದು ಸಲ. ಇನ್ನೊಂದು ಸಲ.

ಕೈಯನ್ನು ತೊಡೆಯ ಕೆಳಗಿನಿಂದ ಎಳೆದು ತುಕ್ರಪ್ಪ ಯಂತ್ರದ ಗೋಡೆಗೆ ತಿರುಗಿ ಬಡಿದ.