ಮೂರು ಮೆಟ್ಟಿಲಿನ ಕ್ವಾಂಟಂ ಫಲಕ

ಇನ್ಸ್‌ಬ್ರುಕ್‌ನ ವಸ್ತುಸಂಗ್ರಹಾಲಯದಲ್ಲಿ ಕ್ವಾಂಟಂ ಕಂಪ್ಯೂಟರುಗಳ ಪ್ರದರ್ಶನ ಶುರುವಾಗುವ ಬೆಳಿಗ್ಗೆ ವಾಲ್‌ಬುರ್ಗಾ ಗೋಡೆಯ ಫಲಕ ನೋಡಿ ಮೂಗು ಮುರಿದಳು. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಲೇಸರ್ ಕಿರಣಗಳ ದಿಕ್ಕು ಸರಿಪಡಿಸುತ್ತಲೇ ಕೂದಲು ನರೆತವಳು ಅವಳು. ಬರಹವನ್ನು ಒಮ್ಮೆ ನೋಡಿಕೊಡಿ ಎಂದು ಕರೆದಿದ್ದರು. ಅದೂ ಫಲಕ ಗೋಡೆಗೇರಿದ ಮೇಲೆ!

ಓಟದ ಪಂದ್ಯದಲ್ಲಿ ಗೆದ್ದವರು ನಿಲ್ಲುವಂಥ ಮೂರು ಮೆಟ್ಟಿಲು ಬರೆದಿದ್ದರು. ಮೇಲೆ ಅತಿಶೀತದಲ್ಲಿಡುವ ಚಿಪ್‌ನ ಯಂತ್ರ, ಲೆಕ್ಕದ ಘಟಕಗಳಾದ ಕ್ಯೂಬಿಟ್ ಸಾವಿರ. ಅದರ ಕೆಳಗೆ, ಪರಮಾಣುಗಳನ್ನು ಬೆಳಕಿನಲ್ಲೇ ಹಿಡಿದಿಡುವುದು, ಕೆಲವು ನೂರು. ಕಟ್ಟಕಡೆಗೆ ಅವಳದೇ ಯಂತ್ರ, ವಿದ್ಯುತ್ತಿನ ಬಲೆಯಲ್ಲಿ ತೇಲುವ ಅಯಾನುಗಳದ್ದು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳದ್ದು, ಐವತ್ತು.

"ಯಾರ್ರೀ ಬರ್ದಿದ್ದು ಇದನ್ನ?"

"ನಾನೇ," ಎಂದ ಹಾಸೆಲ್‌ವಾಂಟರ್. ಮೊದಲ ಮೆಟ್ಟಿಲಿನ ಯಂತ್ರ ಮಾರುವ ಕಂಪನಿಯವನು, ಡಾಕ್ಟರೇಟ್ ಪಡೆದವನು. "ಜನಕ್ಕೆ ಅಂಕಿ ಅರ್ಥ ಆಗುತ್ತೆ."

"ಡಾಕ್ಟರ್ ಸಾಹೇಬ್ರೇ, ಕ್ಯೂಬಿಟ್ ಅಂದ್ರೆ ಕುರಿಮಂದೇನಾ, ತಲೆ ಎಣಿಸಿಬಿಟ್ರೆ ಮುಗೀತಾ? ನಿಮ್ಮ ಸಾವಿರಕ್ಕೆ ಕಣ್ಣು ಮಿಟುಕಿಸೋದ್ರೊಳಗೆ ಎಲ್ಲಾ ಮರೆತುಹೋಗುತ್ತಲ್ಲ, ಅದೆಲ್ಲಿ ಬರ್ದಿದ್ದೀರಿ?"

"ನಿಮ್ಮದು ಒಂದು ಹೆಜ್ಜೆ ಇಡೋಷ್ಟರಲ್ಲಿ ನಮ್ಮದು ಸಾವಿರ ಹೆಜ್ಜೆ ಇಟ್ಟಿರುತ್ತೆ."

"ಹೌದ್ಹೌದು, ಎಡವೋದೂ ಅಷ್ಟೇ ಜೋರಾಗಿ."

ಅಷ್ಟರಲ್ಲಿ ಬಾಗಿಲು ತೆರೆದು ಜನ ಬಂದರು. ಎಂಗೆಲ್‌ಬರ್ಟ್ ಎಂಬ ನಿವೃತ್ತ ಟ್ರಾಮ್ ಚಾಲಕ ಫಲಕವನ್ನು ಪೂರ್ತಿ ಓದಿ, "ಇವು ಇಲ್ಲೀತನಕ ಏನ್ ಮಾಡಿವೆ?" ಎಂದ.

"ಹೊಸ ಔಷಧಿ, ಹೊಸ ಬ್ಯಾಟರಿ..." ಹಾಸೆಲ್‌ವಾಂಟರ್ ಶುರುಮಾಡಿದ.

"ಮಾಡಿವೆಯೋ, ಮಾಡ್ತವೋ?"

"ಮಾಡ್ತವೆ."

ವಾಲ್‌ಬುರ್ಗಾ ಕಿಸಕ್ಕನೆ ನಕ್ಕಳು. ಮುದುಕ ಅವಳತ್ತ ತಿರುಗಿದ. "ನಿಮ್ಮದೇನಮ್ಮಾ ಮಾಡಿದೆ?"

ಸುಳ್ಳು ಹೇಳಲು ಅವಳಿಗೆ ನಾಲಿಗೆ ಹೊರಳಲಿಲ್ಲ. "ಹದಿನೈದು ಅಂದ್ರೆ ಮೂರೈದ್ಲಿ ಅಂತ ಕಂಡುಹಿಡೀತು. ಏಳು ಜನ ಹನ್ನೊಂದು ತಿಂಗಳು ದುಡಿದ್ವಿ."

"ನನ್ನ ಮೊಮ್ಮಗಳು ಎರಡನೇ ಕ್ಲಾಸು. ಅವಳೂ ಹೇಳ್ತಾಳೆ."

ಇಡೀ ಸಭಾಂಗಣ ನಕ್ಕಿತು. ಎಲ್ಲರಿಗಿಂತ ಜೋರಾಗಿ ಹಾಸೆಲ್‌ವಾಂಟರ್. ವಾಲ್‌ಬುರ್ಗಾಳ ಕಿವಿ ಕೆಂಪಾಯಿತು. ಸಹಿ ಪುಸ್ತಕದ ಪಕ್ಕದಲ್ಲಿದ್ದ ದಪ್ಪ ಪೆನ್ನು ಎತ್ತಿಕೊಂಡು ಮೆಟ್ಟಿಲುಗಳ ಮೇಲೆ ಅಡ್ಡಗೆರೆ ಎಳೆದಳು. ಚಿಪ್‌ನ ಕೆಳಗೆ ಬರೆದಳು: "ಬಲು ವೇಗ, ತಪ್ಪೂ ಬಹಳ." ಪರಮಾಣುವಿನ ಕೆಳಗೆ: "ಎಷ್ಟು ಬೇಕಾದರೂ ಸೇರಿಸಬಹುದು, ನಡುವೆ ಕೆಲವು ತಪ್ಪಿಸಿಕೊಳ್ಳುತ್ತವೆ." ತನ್ನದರ ಕೆಳಗೆ: "ತಪ್ಪು ಕಡಿಮೆ, ಆಮೆಯ ನಡಿಗೆ. ಮೂರೈದ್ಲಿ ಹದಿನೈದು ಎನ್ನಲು ಹನ್ನೊಂದು ತಿಂಗಳು."

ವಸ್ತುಸಂಗ್ರಹಾಲಯದ ನಿರ್ದೇಶಕಿ ಓಡಿ ಬಂದು ಪೆನ್ನು ಕಿತ್ತುಕೊಂಡಳು. "ಬುದ್ಧಿ ಇದೆಯೇನ್ರೀ ನಿಮಗೆ? ಪ್ರಾಯೋಜಕರ ಫಲಕ ಅದು!"

"ಹಾಗಾದ್ರೆ ಅವರ ಮನೇಲಿ ತೂಗುಹಾಕಿಕೊಳ್ಳಲಿ."

ಮರುದಿನವೇ ಹೊಸ ಫಲಕ ಬಂತು, ಅವೇ ಮೆಟ್ಟಿಲುಗಳೊಂದಿಗೆ. ವಾಲ್‌ಬುರ್ಗಾಳನ್ನು ಮತ್ತೆ ಯಾರೂ ಕರೆಯಲಿಲ್ಲ. ಆದರೆ ಆ ಗುರುವಾರ ಎಂಗೆಲ್‌ಬರ್ಟ್ ಮೊಮ್ಮಗಳ ಕೈ ಹಿಡಿದುಕೊಂಡು ಪ್ರಯೋಗಾಲಯದ ಬಾಗಿಲು ತಟ್ಟಿದ. ಅವಳು ಗೊಣಗುತ್ತಲೇ ಒಳಗೆ ಬಿಟ್ಟು ಪರದೆ ತೋರಿಸಿದಳು. ಕತ್ತಲೆಯಲ್ಲಿ ಸಾಲಾಗಿ ನಿಂತ ಬೆಳಕಿನ ಚುಕ್ಕೆಗಳು; ಒಂದೊಂದೂ ಒಂದೊಂದು ಅಯಾನು.

"ಇಷ್ಟೇನಾ?" ಎಂದಳು ಹುಡುಗಿ.

"ಇಷ್ಟೇ ಕಣೇ."

ಹುಡುಗಿ ಉಸಿರು ಬಿಗಿಹಿಡಿದು, ಒಂದೊಂದಾಗಿ ಎಣಿಸತೊಡಗಿದಳು.