ಯಜಮಾನಿ ಮೊಟ್ಟೆಯಿಟ್ಟ ದಿನ

ಮಾವ ಬರುವುದಕ್ಕೆ ಇನ್ನೂ ಐದಾರು ದಿನವಿದೆ ಎಂಬ ಧೈರ್ಯದ ಮೇಲೆ ಸೊಸೆ ಈ ಕೆಲಸಕ್ಕೆ ಕೈ ಹಾಕಿದ್ದಳು. ಮಗಳ ಮನೆಗೆ ಹೋದ ಮನುಷ್ಯ, ಮೊಮ್ಮಗಳ ಮುಖ ಕಂಡ ಮೇಲೆ ವಾರ ಕಳೆಯದೆ ಎದ್ದು ಬರುವವರಲ್ಲ. ಆದರೆ ಅಂದು ಬೆಳಿಗ್ಗೆ ಹತ್ತೂವರೆಗೆ, ಅವಳು ತೊಟ್ಟಿಯ ಅಂಚಿನಲ್ಲಿ ಮೊಣಕಾಲೂರಿ ನೀರನ್ನೇ ದಿಟ್ಟಿಸುತ್ತ ಕೂತಿದ್ದಾಗ, ಶೆಡ್ಡಿನ ಹೊರಗೆ ಆ ಪರಿಚಿತ ಕೆಮ್ಮು ಕೇಳಿಸಿತು.

ಗಾಳಿಯ ಪೈಪು ಸರಿಮಾಡುತ್ತಿದ್ದ ಗಂಡ ಬೆಚ್ಚಿ ತಲೆಯೆತ್ತಿದ. "ಅಪ್ಪ!" ಎಂದ, ಉಪ್ಪಿನಕಾಯಿ ಜಾಡಿಯಲ್ಲಿ ಕೈ ಸಿಕ್ಕಿಕೊಂಡ ಹುಡುಗನ ಹಾಗೆ.

ತೊಟ್ಟಿಯಲ್ಲಿದ್ದವಳು ಯಜಮಾನಿ. ಬೂದು ಬೆನ್ನಿನ, ಬೆಳ್ಳಿ ಹೊಟ್ಟೆಯ ಮಲೆಟ್ ಮೀನು. ತೂಕ ಎರಡು ಕಿಲೋದ ಮೇಲೆ. ಆರು ವರ್ಷದ ಹಿಂದೆ, ಹೊಳೆ ಕಡಲು ಸೇರುವ ಅಳಿವೆ ಬಾಯಲ್ಲಿ ಬೆರಳುದ್ದದ ಮರಿಯಾಗಿ ಮಾವನ ಬಲೆಗೆ ಸಿಕ್ಕಿದ್ದಳು. ಕೊಳದ ಮೀನುಗಳನ್ನೆಲ್ಲ ಹಿಡಿದು ಕಳಿಸುವಾಗಲೂ ಮಾವ ಪ್ರತಿ ಸಲ ಅವಳೊಬ್ಬಳನ್ನು ಹಿಂದಕ್ಕೆ ಬಿಡುತ್ತಿದ್ದರು. "ಅಪ್ಪನ ಮನೇಲಿ ಅಮ್ಮನಿಗಿಂತ ಇವಳ ಮಾತೇ ನಡೆಯೋದು" ಎಂದು ಗಂಡ ತಮಾಷೆಗೆ ಇಟ್ಟ ಹೆಸರು ಅದು. ಅತ್ತೆ ತೀರಿಕೊಂಡ ಮೇಲೆ ಆ ತಮಾಷೆಗೆ ಯಾರೂ ನಗುತ್ತಿರಲಿಲ್ಲ, ಹೆಸರು ಮಾತ್ರ ಉಳಿದಿತ್ತು.

ಸಾಕುವವರಿಗೆ ಮಲೆಟ್ಟಿಗಿಂತ ಒಳ್ಳೆಯ ಮೀನಿಲ್ಲ. ಕೊಳದ ತಳದ ಪಾಚಿ, ಕೆಸರು ತಿಂದುಕೊಂಡು ಬೆಳೆಯುತ್ತದೆ; ಉಪ್ಪು ನೀರಿಗೂ ಸೈ, ಸಿಹಿ ನೀರಿಗೂ ಸೈ. ರೋಗ ಬಂದು ಸೀಗಡಿಯೆಲ್ಲ ಸತ್ತ ಕೊಳಗಳಲ್ಲಿ ಮತ್ತೆ ಜೀವ ಆಡಿಸಿದ್ದು ಇದೇ ಮೀನು. ಇರುವುದು ಒಂದೇ ಹಠ: ಕೊಳದಲ್ಲಿ ಮೊಟ್ಟೆಯಿಡುವುದಿಲ್ಲ. ಅದಕ್ಕೆ ಸಮುದ್ರವೇ ಆಗಬೇಕು. ಮರಿ ಬೇಕೆಂದರೆ ಅಳಿವೆಗೆ ಹೋಗಿ ಹಿಡಿಯಬೇಕು. ಅಳಿವೆಯಲ್ಲಿ ವರ್ಷದಿಂದ ವರ್ಷಕ್ಕೆ ಮರಿ ಕಡಿಮೆಯಾಗುತ್ತ ಬಂದು, ಈ ಸಲ ಮೂರು ದಿನ ಬಲೆ ಎಳೆದರೂ ಒಂದು ಬಕೆಟ್ಟಿನ ತಳ ಮುಚ್ಚಿರಲಿಲ್ಲ. ನಾಲ್ಕು ಕೊಳಗಳಲ್ಲಿ ಎರಡು ಖಾಲಿ ಬಿದ್ದಿದ್ದವು.

ಹಾರ್ಮೋನಿನ ಸೂಜಿ ಚುಚ್ಚಿ ಮೊಟ್ಟೆ ಇಡಿಸುವ ವಿದ್ಯೆಯನ್ನು ಸೊಸೆ ತರಬೇತಿಗೆ ಹೋಗಿ ಕಲಿತು ಬಂದಿದ್ದಳು. ಹೋದ ವರ್ಷ ಎರಡು ಹೆಣ್ಣುಮೀನುಗಳಿಗೆ ಚುಚ್ಚಿದಳು. ಎರಡೂ ಅವಳ ಕೈಯಲ್ಲೇ ಸತ್ತವು. ಮಾವ ಒಂದು ತಿಂಗಳು ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ಕೊನೆಗೆ ಅಂದದ್ದು ಒಂದೇ ಮಾತು: "ಏನಾದ್ರೂ ಮಾಡ್ಕೊ ತಾಯಿ. ಯಜಮಾನಿನ ಮಾತ್ರ ಮುಟ್ಟಬೇಡ."

ಈ ವರ್ಷ ಹದಕ್ಕೆ ಬಂದದ್ದು ಯಜಮಾನಿ ಒಬ್ಬಳೇ. ತೆಳುವಾದ ಕೊಳವೆಯಿಂದ ತೆಗೆದ ನಾಲ್ಕು ಮೊಟ್ಟೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆದಾಗ ಅರ್ಧ ಮಿಲಿಮೀಟರಿಗಿಂತ ಚೂರು ದಪ್ಪಗಿದ್ದವು. ಆ ಹದ ಎಂಟು ಹತ್ತು ದಿನಕ್ಕಿಂತ ನಿಲ್ಲುವುದಿಲ್ಲ. ಮಾವ ಬಸ್ಸು ಹತ್ತಿದ ಮರುದಿನವೇ ಅವಳು ಮೊದಲ ಸೂಜಿ ಚುಚ್ಚಿದಳು. ಮಾರನೆಯ ದಿನ ಸಂಜೆ ನಾಲ್ಕಕ್ಕೆ ಎರಡನೆಯದು. ಎರಡನೆಯ ಸೂಜಿಯಾಗಿ ಹದಿನೆಂಟು ಗಂಟೆಗೆ ಮೊಟ್ಟೆ ಬೀಳಬೇಕು. ಹದಿನೆಂಟೂ ಮುಗಿದು ಅರ್ಧ ಗಂಟೆಯಾಗಿತ್ತು.

ಮಾವ ಚೀಲವನ್ನು ಬಾಗಿಲಲ್ಲೇ ಇಟ್ಟು ಒಳಗೆ ಬಂದರು. ತೊಟ್ಟಿಯೊಳಗೆ ಬಗ್ಗಿ ನೋಡಿದರು. ಹೊಟ್ಟೆ ಡೋಲಿನಂತೆ ಉಬ್ಬಿದ ಯಜಮಾನಿ ತಳದಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡು, ಕಿವಿರುಗಳನ್ನು ಪಟಪಟ ಬಡಿಯುತ್ತಿದ್ದಳು. ನಸುಕಿನಲ್ಲಿ ಅವಳ ಹಿಂದೆ ಸುತ್ತುತ್ತಿದ್ದ ಮೂರು ಗಂಡುಮೀನುಗಳು ಈಗ ದೂರದ ಮೂಲೆ ಸೇರಿದ್ದವು.

"ಯಾರನ್ನ ಕೇಳಿ ಮಾಡಿದೆ?"

ದನಿ ಎತ್ತರಿಸಿರಲಿಲ್ಲ. ಅದೇ ಸೊಸೆಗೆ ಭಯ ತಂದಿತು.

"ಯಾರನ್ನೂ ಕೇಳ್ಲಿಲ್ಲ ಮಾವ."

"ಅಪ್ಪ, ನನಗೂ ಗೊತ್ತಿತ್ತು..." ಎಂದು ಗಂಡ ಬಾಯಿ ಹಾಕಿದ.

"ನೀನು ಸುಮ್ನಿರು. ನಿನಗೆ ಗೊತ್ತಿದ್ರೂ ಒಂದೇ, ಇಲ್ದಿದ್ರೂ ಒಂದೇ." ಮಾವ ಅಂಗಿಯ ತೋಳು ಮಡಿಸತೊಡಗಿದರು. "ಬಲೆ ತಾ. ಕೊಳಕ್ಕೆ ಬಿಟ್ಟುಬಿಡೋಣ. ಬದುಕೋ ಹಾಗಿದ್ರೆ ಬದುಕ್ತಾಳೆ."

"ಬಿಟ್ರೆ ಬದುಕಲ್ಲ ಮಾವ." ಸೊಸೆ ಎದ್ದು ಅಡ್ಡ ನಿಂತಳು. "ಮೊಟ್ಟೆ ಒಳಗೆ ನೀರು ಕುಡಿದು ಊದಿದೆ. ಹೊರಗೆ ಬರದೇ ಇದ್ರೆ ಸಂಜೆಯೊಳಗೆ ಕೊಳೆಯೋಕೆ ಶುರುವಾಗುತ್ತೆ. ಹಿಂದಕ್ಕೆ ಹೋಗೋ ದಾರಿ ಇಲ್ಲ."

"ಹಾಗಾದ್ರೆ ಹಿಂಡಿ ತೆಗಿ."

"ಹೋದ ವರ್ಷ ಹಿಂಡಿದ್ದೇ ತಪ್ಪಾಯ್ತು. ಹೊತ್ತಿಗೆ ಮೊದಲೇ ಕೈ ಹಾಕಿದೆ, ಒಳಗೆ ಹರಿದುಹೋಯ್ತು." ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. "ಈಗ ಹೊತ್ತು ಬಂದಿದ್ಯೋ ಇಲ್ವೋ ಗೊತ್ತಾಗ್ತಿಲ್ಲ. ಕಲಿಸಿದ ಮೇಷ್ಟ್ರಿಗೆ ನಾಲ್ಕು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ."

ಯಜಮಾನಿ ಒಮ್ಮೆ ಬಾಲ ಬೀಸಿ ಮೇಲೆ ಬಂದವಳು, ನೇರ ನಿಲ್ಲಲಾರದೆ ಮತ್ತೆ ವಾಲಿದಳು. ಮಾವ ಅವಳನ್ನೇ ನೋಡುತ್ತಿದ್ದರು. ಅವರ ಕೋಪ ಇಳಿಯಲಿಲ್ಲ, ಆದರೆ ಕೋಪಕ್ಕೆ ಈಗ ಹೊತ್ತಿಲ್ಲವೆಂದು ಅವರಿಗೂ ಅರ್ಥವಾದಂತಿತ್ತು.

"ಮೇಲಕ್ಕೆತ್ತು. ಕೈ ಇಟ್ಟು ನೋಡೋಣ."

ಬಕೆಟ್ಟಿನ ನೀರಿಗೆ ಲವಂಗದ ಎಣ್ಣೆ ಹನಿಸಿ ಮೀನನ್ನು ಮಂಪರಿಗೆ ತಂದರು. ಗಂಡ ಅದನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿ, ಅದರ ಕಣ್ಣನ್ನೂ ಮುಚ್ಚಿ, ಸ್ಪಂಜಿನ ಮೇಲೆ ಮಲಗಿಸಿದ. ಸೊಸೆ ಹೊಟ್ಟೆಯ ಮೇಲೆ ಹೆಬ್ಬೆರಳು ಮೆಲ್ಲಗೆ ಜಾರಿಸಿದಳು. ಒಂದು ಹನಿಯೂ ಬರಲಿಲ್ಲ. ಇನ್ನೊಮ್ಮೆ ಜಾರಿಸಲು ಧೈರ್ಯವಾಗಲಿಲ್ಲ.

"ನೀನು ಪಕ್ಕಕ್ಕೆ ಸರಿ." ಮಾವ ಕೈ ತೊಳೆದುಕೊಂಡು ಬಂದು ಕೂತರು. ಕಣ್ಣು ಮುಚ್ಚಿ, ತಲೆಯ ಕಡೆಯಿಂದ ಬಾಲದ ಕಡೆಗೆ ಬೆರಳು ಆಡಿಸಿದರು. ಅವಸರವಿಲ್ಲ. ಹಿಂಭಾಗಕ್ಕೆ ಬಂದಾಗ ಬೆರಳು ನಿಂತಿತು.

"ಇಲ್ಲಿ ನೋಡು. ಮೇಲೆಲ್ಲ ಮೆತ್ತಗಿದೆ, ನೀರು ತುಂಬಿದ ಚೀಲದ ಹಾಗೆ. ಮೊಟ್ಟೆ ಹೊರಬರೋ ಬಾಯಲ್ಲಿ ಮಾತ್ರ ಕಡಲೆಕಾಳಿನಷ್ಟು ಗಟ್ಟಿ."

ಅವಳು ಮುಟ್ಟಿ ನೋಡಿದಳು. ಹೌದು. ಮೊದಲೇ ಸತ್ತ ಮೊಟ್ಟೆಗಳು ಅಂಟಿಕೊಂಡು ಬಿರಡೆಯಾಗಿದ್ದವು. ಅದರ ಹಿಂದೆ ಉಳಿದವೆಲ್ಲ ಹದವಾಗಿ, ದಾರಿ ಸಿಗದೆ ನಿಂತಿದ್ದವು. ತರಬೇತಿಯಲ್ಲಿ ಈ ಮಾತು ಬಂದಿತ್ತು. ಒಂದೇ ವಾಕ್ಯ, ಅವಳು ಬರೆದುಕೊಂಡಿರಲಿಲ್ಲ.

"ನಮ್ಮಪ್ಪ ಮೇಕೆ ಸಾಕ್ತಿದ್ದ. ಮರಿ ಅಡ್ಡ ಸಿಕ್ಕಿದ್ರೆ ಎಳೀಬಾರದು, ದಾರಿ ಬಿಡಿಸ್ಬೇಕು ಅಂತಿದ್ದ," ಎಂದರು ಮಾವ. "ಸಣ್ಣ ಕೊಳವೆ ಕೊಡು. ಮತ್ತೆ ಆ ಉಪ್ಪು ನೀರು, ಉಗುರು ಬೆಚ್ಚಗೆ ಮಾಡಿ."

"ನೀರು ತಾಗಿದ್ರೆ ಮೊಟ್ಟೆ ಕೆಡುತ್ತೆ ಮಾವ. ಗಂಡಿನ ರಸ ಬೀಳೋ ಮೊದ್ಲೇ ಮುಚ್ಕೊಂಡುಬಿಡುತ್ತೆ."

"ಬಿರಡೆಗಷ್ಟೇ ಹನಿಸ್ತೀನಿ. ಅದು ಬಂದ ಮೇಲೆ ಒರೆಸಿ ಒಣಗಿಸೋದು ನಿನ್ನ ಕೆಲಸ."

ಮೂರು ಹನಿ ಬಿತ್ತು. ಮಾವ ಕಿರುಬೆರಳಿನ ತುದಿಯಿಂದ ಒತ್ತಿದರು, ಬಿಟ್ಟರು, ಒತ್ತಿದರು. ಮೀನಿನ ಕಿವಿರು ನಿಧಾನವಾಗುತ್ತ ಬಂತು. "ಅಪ್ಪ, ಉಸಿರು..." ಎಂದ ಗಂಡ. ಅವನು ಪೈಪಿನಿಂದ ಅದರ ಬಾಯಿಗೆ ನೀರು ಬಿಡತೊಡಗಿದ. ಸೊಸೆ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಎಷ್ಟಕ್ಕೆ ಬಂದಳೋ ಅವಳಿಗೇ ತಿಳಿಯದು. ಆಗ ಹಳದಿ ಮಿಶ್ರಿತ ಬಿಳಿ ಗಟ್ಟಿಯೊಂದು ಜಾರಿ ಮಾವನ ಅಂಗೈಗೆ ಬಿತ್ತು.

"ಒರೆಸು! ಒರೆಸು!"

ಅವಳು ಒರೆಸಿ ಒಣ ಬೋಗುಣಿ ಹಿಡಿದಳು. ಈಗ ಒತ್ತುವ ಅಗತ್ಯವೂ ಬೀಳಲಿಲ್ಲ. ಹೊಟ್ಟೆ ತಾನಾಗಿ ಸಡಿಲಗೊಂಡು, ಜೇನಿನ ಬಣ್ಣದ ಮೊಟ್ಟೆ ಸಣ್ಣ ಧಾರೆಯಾಗಿ ಸುರಿಯಿತು. ನಿಲ್ಲಲೇ ಇಲ್ಲ. "ಮೂರು ಹೆತ್ತ ನಿಮ್ಮತ್ತೆ ಕೂಡ ಇಷ್ಟು ಹಠ ಮಾಡಿರ್ಲಿಲ್ಲ," ಎಂದರು ಮಾವ. ಹೇಳಿದ ಮೇಲೆ ತುಟಿ ಕಚ್ಚಿಕೊಂಡರು.

ಗಂಡ ಎರಡು ಗಂಡುಮೀನು ಹಿಡಿದು ತಂದ. ಅವುಗಳ ಹಾಲಿನಂಥ ರಸವನ್ನು ಮೊಟ್ಟೆಯ ಮೇಲೆ ಬೀಳಿಸಿ, ಸೊಸೆ ಕೋಳಿಯ ಗರಿಯಿಂದ ಮೆಲ್ಲನೆ ಕಲಸಿದಳು. ಆಮೇಲೆ ಸಮುದ್ರದ ನೀರು ಹಾಕಿದಳು. ಮಾವ ಯಜಮಾನಿಯನ್ನು ಎತ್ತಿಕೊಂಡು ಬೇರೆ ತೊಟ್ಟಿಗಿಳಿದಿದ್ದರು. ಸೊಂಟದವರೆಗಿನ ನೀರಿನಲ್ಲಿ ನಿಂತು, ಅದರ ಹೊಟ್ಟೆಯ ಕೆಳಗೆ ಕೈಯಿಟ್ಟು, ಮುಂದೆ ಹಿಂದೆ ನಡೆಸುತ್ತಿದ್ದರು. ಪ್ಯಾಂಟು ಬದಲಿಸಿ ಬನ್ನಿ ಎಂದರೆ ಕೇಳಲಿಲ್ಲ.

ಗಂಟೆ ಕಳೆದು ಸೊಸೆ ಬೋಗುಣಿಯೊಳಗೆ ನೋಡಿದಳು. ಮೊಟ್ಟೆಗಳಲ್ಲಿ ಮುಕ್ಕಾಲು ಭಾಗ ಮಸುಕಾಗಿ ತಳ ಸೇರಿದ್ದವು. ಮೇಲೆ ತೇಲುತ್ತಿದ್ದವುಗಳಲ್ಲಿ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಗಾಜಿನಂಥ ಗುಂಡು, ಒಳಗೊಂದು ಎಣ್ಣೆಯ ಚುಕ್ಕಿ. ಅದರ ಪಕ್ಕದಲ್ಲಿ ಒಂದಿದ್ದ ಉಬ್ಬು ಎರಡಾಗಿತ್ತು. ಇನ್ನೊಂದರಲ್ಲೂ ಎರಡು. ಮತ್ತೊಂದರಲ್ಲೂ. ಜೀವ ಕಟ್ಟತೊಡಗಿತ್ತು.

"ಮಾವ!" ಎಂದು ಕೂಗಿದಳು.

"ಈಗ ಬರೋಕಾಗಲ್ಲ," ಎಂದರು ಅವರು ತೊಟ್ಟಿಯಿಂದಲೇ. "ಇವಳು ಇನ್ನೂ ನನ್ನ ಕೈಲೇ ಇದ್ದಾಳೆ."

ಎರಡು ಗಂಟೆಯ ಹೊತ್ತಿಗೆ ಯಜಮಾನಿ ಬಾಲದಿಂದ ಅವರ ಮುಖಕ್ಕೆ ನೀರೆರಚಿ, ಕೈ ತಪ್ಪಿಸಿಕೊಂಡು ತಳಕ್ಕೆ ಹೋದಳು, ನೇರವಾಗಿ ಹೋದಳು. ಮಾವ ಹೊರಬಂದು ಒದ್ದೆ ಬಟ್ಟೆಯಲ್ಲೇ ಸೂಕ್ಷ್ಮದರ್ಶಕದ ಮುಂದೆ ಕೂತರು. ತುಂಬಾ ಹೊತ್ತು ನೋಡಿದರು.

"ಇದು ಮೀನಾಗುತ್ತಾ?"

"ಎಲ್ಲಾ ಆಗಲ್ಲ ಮಾವ. ಮೂರನೇ ದಿನ ಮರಿಗಳು ತಿನ್ನೋಕೆ ಬಾಯಿ ಬಿಡ್ತವೆ, ಆಗ ಸುಮಾರು ಸಾಯ್ತವೆ. ಹತ್ತನೇ ದಿನಕ್ಕೆ ಇನ್ನಷ್ಟು."

ಅವರು ಕಣ್ಣು ತೆಗೆಯಲಿಲ್ಲ. "ನನ್ನ ಬೆನ್ನ ಹಿಂದೆ ಮಾಡಿದ್ದು ತಪ್ಪು."

"ಹೌದು ಮಾವ."

"ಮುಂದಿನ ವರ್ಷ ಹೇಳಿ ಮಾಡು. ನಾನು ಬೇಡ ಅಂದ್ರೂ, ಹೇಳಿ ಮಾಡು."

ಅವಳು ಹೇಳಿದಂತೆಯೇ ಆಯಿತು. ಮೂರನೆಯ ದಿನ ಅರ್ಧ ಹೋದವು. ಹತ್ತನೆಯ ದಿನ ಬೆಳಿಗ್ಗೆ ಸತ್ತ ಮರಿಗಳಿಂದ ತೊಟ್ಟಿಯ ತಳ ಬೂದಿ ಚೆಲ್ಲಿದಂತೆ ಕಂಡಾಗ ಅವಳು ಬಾಗಿಲಲ್ಲೇ ಕುಸಿದು ಕೂತಳು. ತಳ ತೊಳೆದವರು ಮಾವ. ಉಳಿದವು ನಲವತ್ತೈದು ದಿನಕ್ಕೆ ಬೆರಳಿನ ಗೆಣ್ಣಿನಷ್ಟಾದವು. ಒಂದು ಕೊಳಕ್ಕೆ ಸಾಕಾಗುವಷ್ಟಿದ್ದವು, ಎರಡಕ್ಕಲ್ಲ. ಅವುಗಳನ್ನು ಬಿಡುವ ದಿನ ಮಾವ ಬಕೆಟ್ಟನ್ನು ನೀರಿನಲ್ಲಿ ಓರೆ ಮಾಡಿ, ಕೊನೆಯ ಮರಿ ತಾನಾಗಿ ಹೊರಡುವವರೆಗೂ ಹಾಗೇ ಹಿಡಿದು ನಿಂತರು.